ಸುತ್ತಿಗೊಂದು ಒಣದ್ರಾಕ್ಷಿ

ನನ್ನ ಅಕ್ಕ ಎಂಥ ಬೈಗುಳವನ್ನೂ ನುಂಗಿಕೊಳ್ಳುತ್ತಿದ್ದಳು, ಒಂದನ್ನು ಬಿಟ್ಟು. ಅವಳಿಗೆ ಯಾರೂ ಆಲಸಿ ಅನ್ನಬಾರದು. ಹದಿನೇಳಕ್ಕೆ ಕೊಪ್ಪಳದ ತುಂಬಿದ ಮನೆಗೆ ಸೊಸೆಯಾಗಿ ಹೋದವಳು, ಮೂವತ್ತೈದು ವರ್ಷ ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿದವಳು. ಒಮ್ಮೆ ಜ್ವರ ಬಂದು ಮಲಗಿದ್ದಾಗ ಅತ್ತೆ "ಈಕಿಗೆ ಆಲಸ್ಯ ಹೊಕ್ಕೈತಿ" ಅಂದರಂತೆ. ಅತ್ತೆ ತೀರಿಕೊಂಡು ಹತ್ತು ವರ್ಷವಾದರೂ ಆ ಮಾತು ತೀರಿಕೊಂಡಿರಲಿಲ್ಲ. ಹಬ್ಬಕ್ಕೊಮ್ಮೆ ನೆನಪು ಮಾಡಿಕೊಂಡು ಮತ್ತೆ ಹೊಸದಾಗಿ ಸಿಟ್ಟಾಗುತ್ತಿದ್ದಳು.

ನಾನು ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆಯಾಗಿ ಹೈದರಾಬಾದಿಗೆ ಬಂದೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಅಲ್ಲಿ ಸರ್ಕಾರಿ ನೌಕರಿಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ನಾನೂ ತೆಲುಗು ಕಲಿತು ಒಂದು ಇಲಾಖೆಯಲ್ಲಿ ಟೈಪಿಸ್ಟ್ ಆದೆ. ಆಗ ಆಂಧ್ರಪ್ರದೇಶ ಇನ್ನೂ ಒಂದೇ ಇತ್ತು, ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಯಜಮಾನರಿಗೆ ವರಂಗಲ್ಲಿಗೆ ವರ್ಗವಾಗಿತ್ತು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ, ಉಳಿದ ದಿನ ನಾನೊಬ್ಬಳೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಬೂತಿನಿಂದ ಫೋನು ಮಾಡಿದಳು. ಎಲ್ಲ ಮಾತು ಆದ ಮೇಲೆ, ಇಡುವ ಹೊತ್ತಿಗೆ, "ಎದಿಯಾಗ ಒಂದು ಗಂಟ ಆಗೇತಿ ನೋಡ" ಅಂದಳು.

"ನೋಯ್ತೈತೇನು?"

"ಇಲ್ಲ."

"ನೋವಿಲ್ಲಂದ್ರ ಏನೂ ಇರಂಗಿಲ್ಲ ಬಿಡು. ದಸರಾ ಮುಗೀಲಿ, ಇಲ್ಲಿಗೆ ಬಾ, ತೋರಿಸೂಣು."

ದಸರೆಗೆ ನಮ್ಮ ಕಚೇರಿಯಲ್ಲಿ ವರದಿ ಟೈಪು ಮಾಡುವ ಕೆಲಸ ಮೈಮೇಲೆ ಬಂತು. ಅಕ್ಕ ಮತ್ತೆ ಕೇಳಿದಳು. ದೀಪಾವಳಿ ಆಗಲಿ ಅಂದೆ. ದೀಪಾವಳಿಗೆ ನಾನು ಮನೆಗೆ ಬಣ್ಣ ಹೊಡೆಸಲು ಇಟ್ಟುಕೊಂಡಿದ್ದೆ, ಸಾಮಾನೆಲ್ಲ ನಡುಮನೆಯಲ್ಲಿ ಗುಡ್ಡೆ ಬಿದ್ದಿತ್ತು. ಸಂಕ್ರಾಂತಿಗೆ ಬಾ ಅಂದೆ. ಅವಳು ಒಂದು ಸಲವೂ ಒತ್ತಾಯ ಮಾಡಲಿಲ್ಲ. ತಂಗಿ ದೊಡ್ಡ ಊರಿನಲ್ಲಿ ನೌಕರಿ ಮಾಡುವವಳು, ಅವಳಿಗೆ ತಿಳಿಯುತ್ತದೆ ಅಂತ ನಂಬಿದ್ದಳು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಅವಳು ಕಾಚಿಗೂಡದಲ್ಲಿ ಇಳಿದಳು. ಭಾವನವರು ಜೊತೆಗೆ ಬಂದಿದ್ದರು. ಅವರು ಶಾಲಾ ಮಾಸ್ತರು, ಎಂಟು ದಿನದ ರಜೆ ಹಾಕಿದ್ದರು. ಪರೀಕ್ಷೆಗಳೆಲ್ಲ ಆದ ಮೇಲೆ ಕೊನೆಯ ದಿನ ಅವರನ್ನು ಔಷಧದ ಅಂಗಡಿಗೆ ಕಳಿಸಿ, ನಾವಿಬ್ಬರೇ ಡಾಕ್ಟರ ಕೋಣೆಗೆ ಹೋದೆವು. ವಯಸ್ಸಾದ ಡಾಕ್ಟರು. ಕಾಗದಗಳನ್ನು ಒಂದೊಂದೇ ತಿರುವಿ, ಕನ್ನಡಕ ತೆಗೆದು, ಅಕ್ಕನ ಮುಖ ನೋಡಿ ಹೇಳಿದರು:

"ಚಾಲಾ ಆಲಸ್ಯಂ ಚೇಸಾರಮ್ಮಾ."

ತೆಲುಗಿನಲ್ಲಿ ಆಲಸ್ಯ ಅಂದರೆ ತಡ. ಬಹಳ ತಡ ಮಾಡಿದಿರಿ ತಾಯಿ, ಅಂದರು ಅಷ್ಟೆ. ಅದರಲ್ಲಿ ಬೈಗುಳ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಉಳಿದದ್ದನ್ನು ಹೇಳಿದರು. ಮೊದಲು ಆಪರೇಷನ್, ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕೀಮೋ. ಈಕೆ ತೆಳ್ಳಗಿದ್ದಾರೆ, ಔಷಧ ತಡೆದುಕೊಳ್ಳಲು ಮೈಯಲ್ಲಿ ಶಕ್ತಿ ಬೇಕು. ಚೆನ್ನಾಗಿ ತಿನ್ನಬೇಕು, ದಿನಾ ನಡೆಯಬೇಕು, ಮಲಗಿಬಿಡಬಾರದು. ತೂಕ ನಲವತ್ತೈದರ ಕೆಳಗೆ ಹೋದರೆ ಔಷಧ ನಡುವೆಯೇ ನಿಲ್ಲಿಸಬೇಕಾದೀತು. ನಾನು ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ವಸಡಿನ ಹಾಗಿತ್ತು ನನ್ನ ಮನಸ್ಸು.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಅಕ್ಕ ಸೆರಗು ಬಿಗಿದುಕೊಂಡಳು. ಮುಖ ಕೆಂಪಾಗಿತ್ತು.

"ಏನಂದ ಅಂವ ನನಗ? ಆಲಸ್ಯ ಅಂದನಿಲ್ಲ? ನಾ ಆಲಸಿ ಏನು? ಮೂವತ್ತೈದು ವರ್ಷ ಒಲಿ ಮುಂದ ಕುಂತಾಕಿ ನಾ. ಮಾರಿ ನೋಡಿ ಹೆಂಗಂದ ನೋಡು!"

ನಾನು ಬಾಯಿ ತೆರೆದೆ. ತಡ ಅನ್ನುವ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವಳು, ಯಾರು ತಡ ಮಾಡಿದರು ಅಂತ ಕೇಳುತ್ತಿದ್ದಳೋ ಇಲ್ಲವೋ. ಕೇಳದೆ ಇದ್ದರೂ ಲೆಕ್ಕ ಅವಳ ಮುಖದ ಮೇಲೆ ಕಾಣುತ್ತಿತ್ತು. ದಸರಾ, ದೀಪಾವಳಿ, ಸಂಕ್ರಾಂತಿ.

"ದವಾಖಾನಿ ಮಂದಿ ಹಂಗ ಅಂತಾರ ಬೇ. ಮಲಗಬ್ಯಾಡ್ರಿ, ಅಡ್ಡಾಡ್ರಿ ಅನ್ನಾಕ ಹಂಗಂದಾರ."

"ಅಡ್ಡಾಡಿ ತೋರಸ್ತೀನಿ ಅವಗ" ಅಂದಳು ಅಕ್ಕ.

ಆಪರೇಷನ್ ಆಯಿತು. ಭಾವನವರು ಶಾಲೆಗೆ ಮರಳಿದರು, ಅಕ್ಕ ನನ್ನ ಮನೆಯಲ್ಲಿ ಉಳಿದಳು. ತೂಕ ನಲವತ್ತೆಂಟು. ಮೂರು ಕೆಜಿಯ ಅಂತರದಲ್ಲಿ ನಾವು ಆರು ಕೀಮೋ ದಾಟಬೇಕಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಳು. ಆಪರೇಷನ್ ಆದ ಕಡೆಯ ತೋಳು ಮೇಲೇಳುತ್ತಿರಲಿಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳುಗಳಿಂದ ಗೋಡೆ ಹತ್ತಬೇಕು, ಎಲ್ಲಿಗೆ ನೋವಾಗಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಬೇಕು, ನಾಳೆ ಅದಕ್ಕಿಂತ ಒಂದು ಬೆರಳು ಮೇಲೆ. ಅಕ್ಕ ನಡುಮನೆಯ ಗೋಡೆ ಆರಿಸಿಕೊಂಡಳು. ದೀಪಾವಳಿಗೆ ನಾನು ತಿಳಿ ಹಸಿರು ಹೊಡೆಸಿದ್ದ ಗೋಡೆ. ಮೊದಲ ದಿನ ಪೆನ್ಸಿಲಿನ ಗೆರೆ ಅವಳ ಎದೆಯ ಮಟ್ಟಕ್ಕೆ ಬಿತ್ತು.

"ಹೊಸಾ ಬಣ್ಣ ಹೊಲಸಾಗ್ತೈತಲ್ಲ ತಂಗಿ" ಅಂದಳು.

"ಆಗಲಿ ಬಿಡು" ಅಂದೆ.

ಆಹಾರ ಹೇಳಿಕೊಡುವಾಕೆ ಬೇರೆ. ಅವಳಿಗೂ ಅಕ್ಕನಿಗೂ ಮೊದಲ ದಿನವೇ ತಿಕ್ಕಾಟವಾಯಿತು. ಅಕ್ಕ ಊರಿನಿಂದ ಬರುವಾಗಲೇ ಯಾರ್ಯಾರದೋ ಮಾತು ಕೇಳಿ ಮೊಸರು, ಶೇಂಗಾ, ಬದನೆಕಾಯಿ ಬಿಟ್ಟು ಬಂದಿದ್ದಳು. ರೋಗ ದೊಡ್ಡದು, ಪಥ್ಯವೂ ದೊಡ್ಡದಿರಬೇಕು ಅನ್ನುವುದು ಅವಳ ನಂಬಿಕೆ. ಅಕ್ಕನಿಗೆ ತಿಳಿಯಲಿ ಅಂತ ಆಹಾರದಾಕೆ ಹಿಂದಿಯಲ್ಲಿ ಹೇಳಿದಳು: ಪಥ್ಯ ಏನೂ ಇಲ್ಲ, ಮೊಸರು ತಿನ್ನಿ, ಬೇಳೆ ತಿನ್ನಿ, ಶೇಂಗಾ ತಿನ್ನಿ, ಮೊಟ್ಟೆ ತಿನ್ನುವುದಾದರೆ ಅದನ್ನೂ ತಿನ್ನಿ. ಒಂದೇ ಸಲ ಆಗದಿದ್ದರೆ ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ. ಕೊಪ್ಪಳದ ಅವರ ಓಣಿಯಲ್ಲಿ ಅರ್ಧ ಮನೆಗಳು ಮುಸ್ಲಿಮರವು, ಹಾಗಾಗಿ ಅಕ್ಕನಿಗೆ ಆ ಹಿಂದಿ ಚೆನ್ನಾಗಿ ತಿಳಿಯಿತು.

"ಪಥ್ಯ ಇಲ್ಲದ ಔಷಧ ಎಂಥಾದ್ದಬೇ?" ಅಂದಳು ನನಗೆ. "ತತ್ತಿ ಅಂತೂ ಲಿಂಗ ಕಟ್ಟಿದ ಮೈಗೆ ಹಾಕಂಗಿಲ್ಲ ಅಂತ ಹೇಳು ಅಕಿಗೆ."

ಮೊಟ್ಟೆ ಬಿಟ್ಟು ಉಳಿದದ್ದಕ್ಕೆ ಒಪ್ಪಿಸಲು ಎರಡು ವಾರ ಹಿಡಿಯಿತು. ಮತ್ತೂ ಒಂದು ತೊಡಕಿತ್ತು. ಸ್ನಾನ, ಲಿಂಗಪೂಜೆ ಆಗದೆ ಅವಳು ಬಾಯಿಗೆ ಏನೂ ಹಾಕುವವಳಲ್ಲ. ಕೀಮೋ ಆದ ದಿನಗಳಲ್ಲಿ ಸ್ನಾನಕ್ಕೆ ಏಳಲು ಆಗುತ್ತಿರಲಿಲ್ಲ, ಹನ್ನೊಂದರ ತನಕ ಖಾಲಿ ಹೊಟ್ಟೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಹಾಸಿಗೆಯ ಮೇಲೆ ಕೂತು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, "ನೀನ ನೋಡಾಕತ್ತೀಯಲ್ಲಪ್ಪಾ" ಅಂತ ಕಣ್ಣು ಮುಚ್ಚಿ, ಐದು ನಿಮಿಷದಲ್ಲಿ ಪೂಜೆ ಮುಗಿಸಿದಳು. ಏಳು ಗಂಟೆಗೆ ಪುಠಾಣಿ ಹಿಟ್ಟು, ಹಾಲು, ಬೆಲ್ಲ. ಒಂಬತ್ತಕ್ಕೆ ಮೆತ್ತಗಿನ ಹೆಸರುಬೇಳೆ ಖಿಚಡಿ. ನಾನು ಕಚೇರಿಗೆ ಹೋಗುವ ಮುಂಚೆ ಹನ್ನೊಂದರದ್ದು, ಒಂದರದ್ದು, ಮೂರರದ್ದು ಮುಚ್ಚಿಟ್ಟು ಹೋಗುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ಊಟವನ್ನು ಕಲಿಯುತ್ತಿದ್ದೆವು. ಮಾತು ಮಾತ್ರ ನನ್ನ ಹತ್ತಿರ ಮುಚ್ಚಿಟ್ಟ ಹಾಗೆಯೇ ಇತ್ತು.

ನಡೆಯುವುದಕ್ಕೆ ಮಹಡಿಯ ವರಾಂಡ ಇತ್ತು. ನಾಲ್ಕು ಮನೆಗಳಿಗೆ ಒಂದೇ ವರಾಂಡ, ತುದಿಯಿಂದ ತುದಿಗೆ ಇಪ್ಪತ್ತೆರಡು ಹೆಜ್ಜೆ. ಹೋಗಿ ಬಂದರೆ ಒಂದು ಸುತ್ತು. ಎಣಿಕೆ ತಪ್ಪಬಾರದು ಅಂತ ಅಕ್ಕ ನೆನೆಸಿದ ಒಣದ್ರಾಕ್ಷಿ ಬಟ್ಟಲಲ್ಲಿ ಹಾಕಿ ನಮ್ಮ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟುಕೊಂಡಳು. ಒಂದು ಸುತ್ತಿಗೆ ಒಂದು ದ್ರಾಕ್ಷಿ ಬಾಯಿಗೆ. ಬಟ್ಟಲು ಖಾಲಿಯಾದರೆ ನಡಿಗೆ ಮುಗಿಯಿತು. ಆಹಾರದಾಕೆ ಇದನ್ನು ಕೇಳಿ ನಕ್ಕು, ವ್ಯಾಯಾಮದ ಹುಡುಗಿಯನ್ನೂ ಕರೆದು ಹೇಳಿದಳು. ಅಕ್ಕ ಮಾತ್ರ ನಗಲಿಲ್ಲ.

"ಆ ಡಾಕ್ಟರ್‌ಗೂ ಹೇಳ್ರಿ. ಆಲಸಿ ಅಂದಿದ್ದ ನನಗ" ಅಂದಳು ಕನ್ನಡದಲ್ಲಿ. ಆ ಹುಡುಗಿಯರಿಗೆ ಅರ್ಥವಾಗಲಿಲ್ಲ. ನಾನು ಅನುವಾದಿಸಲಿಲ್ಲ.

ನಾನು ಮಾಡುತ್ತಿದ್ದುದು ಇದನ್ನೇ. ಆಸ್ಪತ್ರೆಯಲ್ಲಿ ಎಲ್ಲರ ಜೊತೆ ಬೇಕೆಂದೇ ಹಿಂದಿಯಲ್ಲಿ ಮಾತು ತೆಗೆಯುತ್ತಿದ್ದೆ. ವರಾಂಡದಲ್ಲಿ ಪಕ್ಕದ ಮನೆಯಾಕೆ ಹಾಲಿನವನಿಗೆ "ಎಂದುಕು ಆಲಸ್ಯಂ?", ಯಾಕೆ ತಡ, ಅಂತ ಗದರಿದರೆ ಒಳಗೆ ಒಲೆಯ ಮುಂದೆ ನನ್ನ ಕೈ ನಿಲ್ಲುತ್ತಿತ್ತು. ಅಕ್ಕ ಒಂದು ದಿನ ಅದನ್ನು ಕೇಳಿಸಿಕೊಂಡು, "ಪಾಪ, ಈ ಊರಾಗ ಎಲ್ಲಾರ್ನೂ ಆಲಸಿ ಅಂತಾರ ನೋಡು, ಹಾಲಿನವನ್ನೂ ಬಿಡಂಗಿಲ್ಲ" ಅಂದಳು. ಹಾಲಿನವನ ಮೇಲೆ ಅವಳಿಗೆ ಅವತ್ತಿನಿಂದ ವಿಶೇಷ ಕನಿಕರ.

ಹೇಳಿದರೆ ಅವಳು ನಡೆಯುವುದು ನಿಲ್ಲಿಸಿಯಾಳು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳೇನಲ್ಲ. ಅವಳು ನಡೆಯುತ್ತಿದ್ದುದು ಸಿಟ್ಟಿನ ಮೇಲೆ. ಆದರೆ ಪೂರ್ತಿ ನಿಜವೂ ಅಲ್ಲ. ನಾನು ಹೆದರಿದ್ದೆ. ಹೆದರಿಕೆ ಇದೆ ಅಂತ ಗೊತ್ತಿತ್ತು ಅಷ್ಟೆ, ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಒಂದು ಸಲವೂ ಅಳು ಬರಲಿಲ್ಲ. ಅಕ್ಕನ ಕೂದಲು ತಲೆದಿಂಬಿನ ಮೇಲೆ ಉದುರಿದ್ದನ್ನು ಕೂಡಿಸಿ, ಕಾಗದದಲ್ಲಿ ಸುತ್ತಿ, ಕಸದ ಬುಟ್ಟಿಗೆ ಹಾಕಿ, ಕೈ ತೊಳೆದು ಕಚೇರಿಗೆ ಹೋಗಿ ಇಪ್ಪತ್ತು ಪುಟ ಟೈಪು ಮಾಡಿದ್ದೆ. ಒಂದು ತಪ್ಪೂ ಇರಲಿಲ್ಲ.

ಮೂರನೆಯ ಕೀಮೋ ಆದ ಮೇಲೆ ಅವಳು ಬಿದ್ದಳು. ಬಾಯಿ ತುಂಬ ಹುಣ್ಣು. ನೀರು ಕುಡಿದರೂ ಉರಿ. "ಎಲ್ಲಾ ಕಬ್ಬಿಣ ನೆಕ್ಕಿದಂಗ ಆಕ್ಕೈತಿ" ಅನ್ನುತ್ತಿದ್ದಳು. ಹಾಲು ಬೇಡ, ಅಂಬಲಿ ಬೇಡ. ನಾಲ್ಕು ದಿನ ಗೋಡೆಯ ಮೇಲೆ ಹೊಸ ಗೆರೆ ಇಲ್ಲ, ಬಟ್ಟಲಿನಲ್ಲಿ ದ್ರಾಕ್ಷಿ ಹುಳಿ ಬಂದವು. ರಕ್ತ ಪರೀಕ್ಷೆಗೆ ಹೋದಾಗ ತೂಕದ ಮುಳ್ಳು ನಲವತ್ತೈದೂವರೆಯಲ್ಲಿ ನಿಂತಿತು. ಆಹಾರದಾಕೆ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ವಾರ ಇದಕ್ಕಿಂತ ಇಳಿದರೆ ನಾಲ್ಕನೆಯದು ಕೊಡುವುದಿಲ್ಲ ಅಂದಳು. ಹುಣ್ಣಿಗೆ ಹಚ್ಚುವ ಔಷಧ ಬರೆಸಿಕೊಟ್ಟಳು. ತಣ್ಣಗಿನ ಮೊಸರನ್ನ ಕಡೆದು ಕೊಡಿ, ಬಾಳೆಹಣ್ಣು ಹಾಲಿನಲ್ಲಿ ಹಿಸುಕಿ ಕೊಡಿ, ಹುಳಿ ಖಾರ ಬೇಡ, ಹೇಗಾದರೂ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ.

ಮಾರನೆಯ ದಿನ ಭಾನುವಾರ. ಯಜಮಾನರು ಆ ವಾರ ಬಂದಿರಲಿಲ್ಲ. ಮೊಸರನ್ನ ಕಡೆದು ತಂದೆ. ಅಕ್ಕ ಗೋಡೆಯ ಕಡೆ ಹೊರಳಿದಳು.

"ಆಗಂಗಿಲ್ಲ ತಂಗಿ. ಬಿಟ್ಟಬಿಡು ನನ್ನ. ಊರಿಗೆ ಕಳಿಸಿಬಿಡು."

ಬಟ್ಟಲು ಹಿಡಿದು ನಿಂತೇ ಇದ್ದೆ. ಆಮೇಲೆ ಹೇಳಿದೆ:

"ಡಾಕ್ಟರ್ ಸುಳ್ಳ ಹೇಳಿರಲಿಲ್ಲ ಬಿಡು. ಆಲಸಿನ ನೀನು. ನಿಮ್ಮತ್ತಿ ಅಂದದ್ದೂ ಖರೇನ."

ಅಕ್ಕ ಹೊರಳಿ ನನ್ನನ್ನು ನೋಡಿದಳು. ಕೂದಲಿಲ್ಲದ ತಲೆ, ಹುಬ್ಬಿಲ್ಲದ ಮುಖ. ಆ ನೋಟ ನನಗೆ ಈಗಲೂ ಕಾಣುತ್ತದೆ. ಆಗ ಮಾತ್ರ ಏನೂ ಅನಿಸಲಿಲ್ಲ, ಹಾಗೆ ಅನಿಸದಿದ್ದುದನ್ನೇ ನಾನು ಇಷ್ಟು ವರ್ಷ ಕ್ಷಮಿಸಿಕೊಂಡಿಲ್ಲ. ಅವಳು ಕೈ ಊರಿ ಎದ್ದಳು. ಬಟ್ಟಲು ಕಸಿದುಕೊಂಡು ಆರು ಚಮಚ ತಿಂದಳು, ಒಂದೊಂದು ಚಮಚಕ್ಕೂ ಕಣ್ಣಲ್ಲಿ ನೀರು ಬರುತ್ತಿತ್ತು. ಗೋಡೆ ಹಿಡಿದುಕೊಂಡು ವರಾಂಡಕ್ಕೆ ಹೋಗಿ ಅರ್ಧ ದಾರಿ ನಡೆದು ಮರಳಿದಳು. ಸಂಜೆ ಮತ್ತೆ ಏಳು ಚಮಚ, ಒಂದು ಪೂರ್ತಿ ಸುತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮುಂದಿನ ವಾರ ಮುಳ್ಳು ನಲವತ್ತಾರಕ್ಕೆ ಬಂತು.

ನಾಲ್ಕನೆಯದಾಯಿತು, ಐದನೆಯದಾಯಿತು. ಪೆನ್ಸಿಲಿನ ಗೆರೆಗಳು ಭುಜ ದಾಟಿ, ಕಿವಿ ದಾಟಿ, ತಲೆಯ ಮೇಲೆ ಒಂದು ಗೇಣು ಹೋದವು. ದ್ರಾಕ್ಷಿ ಹತ್ತರಿಂದ ಮೂವತ್ತಕ್ಕೆ ಏರಿದವು. ಆರನೆಯದು ಮುಗಿದ ಮೇಲೆ ಡಾಕ್ಟರು ಅಕ್ಕನ ತೋಳನ್ನು ತಾವೇ ಮೇಲೆತ್ತಿ ನೋಡಿ, ಬಹಳ ಚೆನ್ನಾಗಿ ಮಾಡಿದ್ದೀರಿ, ಊರಿಗೆ ಹೋಗಿ ಬನ್ನಿ, ಮೂರು ತಿಂಗಳ ಮೇಲೆ ನೋಡೋಣ ಅಂದರು. ಅಕ್ಕ ಗೆದ್ದ ಮುಖ ಮಾಡಿಕೊಂಡು ಹೊರಗೆ ಬಂದಳು. ಅಲ್ಲಿಂದ ಮುಂದೆ ಅವಳು ಆರು ವರ್ಷ ಬದುಕಿದ್ದಳು.

ಊರಿಗೆ ಹೊರಟ ದಿನ ಭಾವನವರು ಬರಲು ಆಗಲಿಲ್ಲ, ಶಾಲೆಯಲ್ಲಿ ಕಿರುಪರೀಕ್ಷೆ. ಗಾಡಿ ಬದಲಿಸುವ ಗುಂತಕಲ್ಲಿಗೆ ಬಂದು ಇಳಿಸಿಕೊಳ್ಳುತ್ತೇನೆ ಅಂದಿದ್ದರು. ಕಾಚಿಗೂಡದಿಂದ ಅಲ್ಲಿಯ ತನಕ ನಾನೂ ಜೊತೆಗೆ ಹೊರಟಿದ್ದೆ. ಸ್ಟೇಷನ್ನು ಮನೆಯ ಹಿಂದೆಯೇ. ಅಕ್ಕ ಆಟೋ ಬೇಡ ಅಂದಳು, ನಡೆದೇ ಹೋದೆವು. ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವಳು ದ್ರಾಕ್ಷಿಯ ಡಬ್ಬಿ ತೆಗೆದಳು. ಒಂದು ಬಾಯಿಗೆ ಹಾಕಿಕೊಂಡು, "ಈಗ ಸ್ವಲ್ಪ ಸಿಹಿ ಹತ್ತಾಕತ್ತೈತಿ" ಅಂದಳು.

ಆಗ ಮೇಲಿನಿಂದ ಹೆಂಗಸಿನ ದನಿ ಶುರುವಾಯಿತು. ಮೊದಲು ತೆಲುಗಿನಲ್ಲಿ. ನಮ್ಮ ಗಾಡಿಯ ಹೆಸರು, ನಂಬರು, ಆಮೇಲೆ "ಆಲಸ್ಯಮುಗಾ ನಡುಚುಚುನ್ನದಿ". ಹಿಂದೆಯೇ ಅದೇ ದನಿ, ಅದೇ ಗಾಡಿ, ಹಿಂದಿಯಲ್ಲಿ: "ದೇರೀ ಸೆ ಚಲ್ ರಹೀ ಹೈ."

ಆರು ತಿಂಗಳು ನಾನು ಎಲ್ಲರ ಬಾಯಿಗೆ ಕಾವಲು ಕೂತಿದ್ದೆ. ಮನೆಯ ತನಕ ಬರೀ ಗುಂಯ್ ಅನ್ನುತ್ತಿದ್ದ ಸ್ಟೇಷನ್ನಿನ ಮೈಕು ನನ್ನ ನೆನಪಿಗೇ ಬಂದಿರಲಿಲ್ಲ.

ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ಮೈಕಿನ ಕಡೆ ತಲೆಯೆತ್ತಿ ನೋಡಿದಳು. ಅದು ಮತ್ತೊಮ್ಮೆ ಹೇಳಿತು, ತೆಲುಗು, ಹಿಂದಿ, ಇಂಗ್ಲಿಷು.

"ಆಲಸ್ಯ ಅಂದ್ರ ತಡಾನ?"

"ಹ್ಞೂಂ."

"ತೆಲುಗಿನ್ಯಾಗ."

"ಹ್ಞೂಂ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಎದುರಿನ ಹಳಿಯ ಮೇಲೆ ಒಬ್ಬಾತ ನೀರಿನ ಪೈಪು ಹಿಡಿದು ಖಾಲಿ ಬೋಗಿಗಳನ್ನು ತೊಳೆಯುತ್ತಿದ್ದ, ಅವನನ್ನೇ ನೋಡುತ್ತಿದ್ದಳು. ಅವಳ ಬಲಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಸರಿಯಿತು. ಒಂದು, ಎರಡು, ಮೂರು. ಅಲ್ಲಿಗೆ ನಿಂತಿತು. ಏನು ಎಣಿಸಿದಳು ಅಂತ ನಾನು ಕೇಳಬೇಕಾಗಿರಲಿಲ್ಲ.

"ಹಂಗಾರ ಅಂವ ನನಗ ಅಂದಿರಲಿಲ್ಲ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗ ಅಂದಿದ್ದ."

ಮೊಣಕಾಲ ಮೇಲಿದ್ದ ನನ್ನ ಕೈಗಳನ್ನು ಬೇರೆ ಯಾರದೋ ಕೈಗಳನ್ನು ನೋಡಿದ ಹಾಗೆ ನೋಡುತ್ತಿದ್ದೆ. ಅಕ್ಕನೂ ನೋಡಿದಳು. ಆಪರೇಷನ್ ಆದ ಕಡೆಯ ಕೈಯನ್ನು ಬೆಂಚಿಗೆ ಊರಿ ಎದ್ದಳು.

"ಏಳು. ಗಾಡಿ ಬರಾಕ ಇನ್ನೂ ಹೊತ್ತೈತಿ. ಕುಂತರ ಕಾಲು ಹಿಡಿತಾವ."

ನಾವು ಪ್ಲಾಟ್‌ಫಾರ್ಮಿನ ತುದಿಯ ತನಕ ನಡೆದೆವು. ಅಲ್ಲಿ ನೆರಳು ಮುಗಿಯುತ್ತಿತ್ತು, ತಿರುಗಿದೆವು. ಅಕ್ಕ ನನಗಿಂತ ಅರ್ಧ ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ಬೆಂಚಿನ ಹತ್ತಿರ ಬಂದಾಗ ಡಬ್ಬಿ ತೆರೆದು ಒಂದು ದ್ರಾಕ್ಷಿ ತೆಗೆದು, ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟಳು.

"ತಿನ್ನು. ಈ ಸುತ್ತು ನಿಂದು" ಅಂದಳು.

ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು. ಅಲ್ಲೇ, ಹಮಾಲರ ಗಾಡಿಗಳ ನಡುವೆ ನಿಂತು, ಆರು ತಿಂಗಳಲ್ಲಿ ಮೊದಲ ಸಲ ಅತ್ತೆ. ಅಕ್ಕ ಎರಡನೆಯ ಸುತ್ತಿಗೆ ಆಗಲೇ ಹೊರಟಿದ್ದಳು.